ಕಾಕಾನ ಗಾಳ, ಕಾಕುವಿನ ಗೇಣು

ನಮ್ಮ ಕಾಕಾ ಹಿಡಿದ ಮೀನಿಗಿಂತ ನೀರಿಗೆ ಬಿಟ್ಟ ಮೀನೇ ಹೆಚ್ಚು! ಹಿಡಿಯದೆ ಬಿಡುವುದು ಹೇಗೆ, ಲೆಕ್ಕ ತಪ್ಪಿತಲ್ಲ ಎಂದು ನೀವು ಹುಬ್ಬೇರಿಸುವ ಮೊದಲೇ ಹೇಳಿಬಿಡುತ್ತೇನೆ: ಲೆಕ್ಕ ಸರಿಯಾಗಿಯೇ ಇದೆ. ತಾನು ಹಿಡಿದದ್ದನ್ನು ಬಿಡುವುದು ಒಂದು. ಪಕ್ಕದವನು ಹಿಡಿದದ್ದನ್ನು ಬಿಡಿಸುವುದು ಎರಡು. ಅದರಾಚೆಯವನು ಚೀಲಕ್ಕೆ ಹಾಕಿಕೊಂಡು ಗಾಡಿಗೆ ಕಿಕ್ ಹೊಡೆಯುವಾಗ ಅಡ್ಡ ನಿಂತು ಚೀಲ ಇಳಿಸುವುದು ಮೂರು. ಎಲ್ಲ ಕೂಡಿಸಿ ನೋಡಿ! ಘಟಪ್ರಭೆಯ ಮೀನುಗಳಿಗೆ ಮತದಾನದ ಹಕ್ಕಿದ್ದರೆ ಕಾಕಾ ಎಂದೋ ಅವಿರೋಧವಾಗಿ ಆರಿಸಿ ಬರುತ್ತಿದ್ದ.

ನನ್ನ ಬಗ್ಗೆಯೂ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದೆ ನಾನು ಪೊದೆಯ ಹಿಂದೆ ಅಡಗಿ ಕುಳಿತಾಗ ನಿಮಗೆ ಆಶ್ಚರ್ಯವಾದೀತು. ಗೋಕಾಕದಲ್ಲಿ ನನ್ನದೊಂದು ಝೆರಾಕ್ಸ್, ಟೈಪಿಂಗ್, ಲ್ಯಾಮಿನೇಶನ್ ಅಂಗಡಿ. ಕಸುಬು ಅಂಗಡಿ, ಹವ್ಯಾಸ ಚಿಂತೆ. ಬೀಗ ಹಾಕಿ ಮೂರು ಸಲ ಎಳೆದು ನೋಡುತ್ತೇನೆ. ಮೂರು ಸಲ ಎಳೆದದ್ದಕ್ಕೇ ಬೀಗ ಸಡಿಲಾಯಿತೇನೋ ಎಂದು ನಾಲ್ಕನೆಯ ಸಲ ಮೆಲ್ಲಗೆ ಎಳೆಯುತ್ತೇನೆ. ಈಜು ಬರುವುದಿಲ್ಲ. ಹೀಗಾಗಿ ಕೊಣ್ಣೂರಿನ ಕಾಕಾ ನಿವೃತ್ತಿಯಾದ ಮೇಲೆ ಗಾಳ ಹಿಡಿದು ಹೊಳೆಯ ನೀರು ತಡೆಯುವ ಒಡ್ಡಿಗೆ, ನಮ್ಮ ಬಾಂದಾರಕ್ಕೆ, ಹೋಗತೊಡಗಿದಾಗ ನೀರಿಗಿಳಿದದ್ದು ಅವನ ಗಾಳ, ಉಸಿರು ಕಟ್ಟಿದ್ದು ನನಗೆ.

ಕಾಕಾ ಬಸ್ ಕಂಡಕ್ಟರ್ ಆಗಿದ್ದವನು. ಗೋಕಾಕ-ಮೂಡಲಗಿ, ಗೋಕಾಕ-ಹುಕ್ಕೇರಿ ಎರಡೂ ದಾರಿಗಳಲ್ಲಿ ತಾಯಂದಿರು ಅವನನ್ನು ಕಂಡರೆ ಹೆದರುತ್ತಿದ್ದರು. ಬಸ್ಸಿನ ಬಾಗಿಲ ಬಳಿ ಮಕ್ಕಳ ಎತ್ತರ ಅಳೆಯಲು ಒಂದು ಗೆರೆ ಇರುತ್ತಿತ್ತಲ್ಲ? ಗೆರೆಯ ಕೆಳಗಿದ್ದರೆ ಅರ್ಧ ಟಿಕೀಟು, ಮೀರಿದರೆ ಪೂರಾ. ಉಳಿದ ಕಂಡಕ್ಟರರು ಮಗುವಿನ ಮುಖ ನೋಡಿ ಟಿಕೀಟು ಹರಿದರೆ ನಮ್ಮ ಕಾಕಾ ಒಂದೊಂದು ಮಗುವನ್ನೂ ಗೆರೆಗೆ ಒರಗಿಸಿ ನಿಲ್ಲಿಸುತ್ತಿದ್ದ. ತಾಯಂದಿರು ಸೆರಗಿನ ಮರೆಯಲ್ಲಿ ಮಕ್ಕಳ ಮಂಡಿ ಒತ್ತುತ್ತಿದ್ದರು. ಕಾಕಾ ಸೀದಾ ಮಂಡಿಯನ್ನೇ ನೋಡುತ್ತಿದ್ದ. "ಮಂಡಿ ನೆಟ್ಟಗ ಮಾಡೋ ಹುಲಿ! ಹಿಂಗ ಮಡಚಿ ನಿಂತ್ರ ನೀ ಬೆಳಿಯೂದು ಯಾವಾಗ?"

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ನನಗೂ ಹೀಗೇ ಮಾಡಿದ್ದ. ಗೆರೆಗಿಂತ ಒಂದು ಬೆರಳು ಹೆಚ್ಚಾಗಿದ್ದೆ. "ಕಾಕಾ, ನಾನ್ರೀ, ನಿಮ್ಮ ಅಣ್ಣನ ಮಗಾ!" ಎಂದು ಬಸ್ಸಿನ ತುಂಬ ಕೇಳುವಂತೆ ಅತ್ತೆ. ಅವನನ್ನು ರೀ ಎಂದು ಕರೆದದ್ದು ಜೀವನದಲ್ಲಿ ಅದೊಂದೇ ಸಲ! ಕಾಕಾ ಪೂರಾ ಟಿಕೀಟು ಹರಿದು ಕೈಗಿಟ್ಟು, "ಅಣ್ಣನ ಮಗಾ ಮನ್ಯಾಗ. ಇಲ್ಲಿ ಗೆರಿ ಮೀರಿದ ಪ್ಯಾಸೆಂಜರ್" ಎಂದ. ಆ ದಿನದಿಂದ ನಾನು ಸ್ವಲ್ಪ ಬಾಗಿಯೇ ನಡೆಯುತ್ತೇನೆ.

ಇಂಥವನ ಕೈಗೆ ಬಾಂದಾರದ ದಂಡೆಯಲ್ಲಿ ಒಂದು ಬೋರ್ಡು ಸಿಕ್ಕರೆ ಏನಾಗಬೇಡ? ಎಂಥ ಬೋರ್ಡು ಅಂತೀರಿ! ಇಲ್ಲಿ ಗಾಳಕ್ಕೆ ಮಾತ್ರ ಅನುಮತಿ. ಪರವಾನಗಿ ಇಲ್ಲದೆ ಬಲೆ ಬೀಸಬಾರದು. ಸಿಡಿಮದ್ದು, ವಿಷ, ಕರೆಂಟ್ ಬಳಸಬಾರದು. ಮೀನು ಮೊಟ್ಟೆಯಿಡುವ ಮಳೆಗಾಲದ ತಿಂಗಳುಗಳಲ್ಲಿ ಯಾರೂ ಹಿಡಿಯಬಾರದು. ಇಷ್ಟಾದ ಮೇಲೆ ಕೊನೆಯ ಸಾಲು: "ಇದಕ್ಕಿಂತ ಸಣ್ಣ ಮೀನು ಸಿಕ್ಕರೆ ಜೀವಂತ ನೀರಿಗೆ ಬಿಡತಕ್ಕದ್ದು". ಎಷ್ಟಕ್ಕಿಂತ? ಅದೇ ಜಾಗದಲ್ಲಿ ತುಕ್ಕು ಹಿಡಿದು ತಗಡಿಗೆ ರಂಧ್ರ ಬಿದ್ದಿತ್ತು! ರಂಧ್ರದಲ್ಲಿ ಇಣುಕಿದರೆ ಆಚೆ ದಂಡೆಯ ಕಬ್ಬಿನ ಹೊಲ ಕಾಣುತ್ತಿತ್ತು.

ಬೇರೆ ಯಾರಾದರೂ ಆಗಿದ್ದರೆ, ಅಳತೆಯೇ ಇಲ್ಲವೆಂದ ಮೇಲೆ ಕಾನೂನೂ ಇಲ್ಲ ಎಂದು ಸಿಕ್ಕದ್ದನ್ನು ಹುರಿದು ತಿನ್ನುತ್ತಿದ್ದರು. ಕಾಕಾ ನಿದ್ದೆಗೆಟ್ಟ. ಮೀನುಗಾರಿಕೆ ಕಚೇರಿಗೆ ಫೋನು ಹಚ್ಚಿದ. ಆ ಕಡೆಯ ಪುಣ್ಯಾತ್ಮ, "ಬೋರ್ಡಿನ ಮ್ಯಾಲ ಏನೈತಿ ಅದ ರೂಲ್ ನೋಡ್ರಿ" ಎಂದು ಇಟ್ಟುಬಿಟ್ಟ. ಬೋರ್ಡಿನ ಮೇಲೆ ಇದ್ದದ್ದು ರಂಧ್ರ!

ಕಡೆಗೆ ಗಾಳದವರೆಲ್ಲ ಜಾಲಿ ಗಿಡದ ಕೆಳಗೆ ಸಭೆ ಸೇರಿದರು. ಮೊದಲು ಅಲ್ಲಿ ಒಂದು ಗೇಣು ಅಂತ ಬರೆದಿತ್ತು ಎಂದು ಹಳಬನೊಬ್ಬ ಹೇಳಿದ. ಸರಿ, ಯಾರ ಗೇಣು? ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಯವರೆಗೆ ಒಬ್ಬೊಬ್ಬರದು ಒಂದೊಂದು ಉದ್ದ. ಕಲ್ಲೋಳಿಯಲ್ಲಿ ಮೊಬೈಲ್ ರಿಪೇರಿ ಮಾಡುವ ಬಾಳಪ್ಪ ತನ್ನ ಪುಟ್ಟ ಅಂಗೈ ಚಾಚಿ, "ನನ್ನ ಗೇಣ ಹಿಡೀರಿ, ಬಾಂದಾರಕ್ಕ ಒಪ್ಪತೈತಿ" ಎಂದ. ಗೇಣು ಸಣ್ಣದಾದಷ್ಟೂ ಚೀಲ ಭಾರ ಎಂಬುದು ಯಾರಿಗೆ ಗೊತ್ತಿಲ್ಲ? ಕಾಕಾನ ಬೆರಳುಗಳೂ ಮೋಟು. ಟಿಕೀಟು ಹರಿದೂ ಹರಿದೂ ಸವೆದವು ಎಂದು ನಮ್ಮ ಮನೆಯವರ ನಂಬಿಕೆ.

ಅಷ್ಟರಲ್ಲಿ ಕಾಕಾನ ಹೆಂಡತಿ, ನಮ್ಮ ಕಾಕು, ಬುತ್ತಿ ಹೊತ್ತು ಬಂದಳು. ನಾಗನೂರಿನ ಕುರುಬರ ಮನೆಯ ಮಗಳು. ಉಣ್ಣೆ ನೂತ ಕೈ, ಕಂಬಳಿ ಹೊಲಿದ ಕೈ. ಅವಳು ಬಡಿದ ರೊಟ್ಟಿ ನಮ್ಮ ಮನೆಯ ತಾಟಿನಲ್ಲಿ ಹಿಡಿಸುವುದಿಲ್ಲ, ಸುತ್ತಲೂ ಜೋತು ಬೀಳುತ್ತದೆ! ಜಗಳ ಕೇಳಿ ನಕ್ಕು, ಬುತ್ತಿ ಇಳಿಸಿ, ಅಂಗೈಯನ್ನು ಕಲ್ಲಿನ ಮೇಲೆ ಅಗಲಿಸಿಟ್ಟಳು.

"ಇದು ಕೈಯೋ, ಮೊರಾನೋ?" ಎಂದು ಬಾಳಪ್ಪ ಬಾಯಿ ತೆರೆದ.

"ಮೊರ ಅಂತ ತಿಳಿ. ಕೇರಿ ಒಗದೇನಂದ್ರ ನೀ ಕಲ್ಲೋಳ್ಯಾಗ ಹೋಗಿ ಬೀಳತಿ" ಎಂದಳು ಕಾಕು.

ಕಾಕಾನ ಕಣ್ಣು ಹೊಳೆದವು. "ಎಲ್ಲಾರಕಿಂತ ದೊಡ್ಡ ಕೈ. ಮೀನಿಗಿ ಲಾಭ. ಇದ ಅಳತಿ!" ಗಾಳದ ಬಿದಿರು ಕೋಲನ್ನು ಅವಳ ಕೈ ಪಕ್ಕದಲ್ಲಿಟ್ಟು ಚಾಕುವಿನಿಂದ ಗುರುತು ಕೊರೆದ. ಅದರೊಳಗೆ ಬಂದ ಮೀನು ನೀರಿಗೆ, ಮೀರಿದ್ದು ಮನೆಗೆ. ಸಂಶಯ ಬಂದರೆ ಕಾಕುವಿನ ಕೈಯೇ ಕೊನೆಯ ತೀರ್ಮಾನ. "ಕೋಲಿನ ಗುರುತು ಬರೇ ಝೆರಾಕ್ಸ್. ಅಸಲಿ ಆಕಿ ಕೈ" ಎಂದು ನನ್ನ ಕಡೆ ನೋಡಿದ, ನನಗೆ ನನ್ನ ಕಸುಬಿನ ಭಾಷೆಯಲ್ಲೇ ತಿಳಿಸುವವನಂತೆ.

ಮರುದಿನವೇ ನಿಯಮಗಳನ್ನು ಟೈಪು ಮಾಡಿಸಿ, ಲ್ಯಾಮಿನೇಶನ್ ಮಾಡಿಸಲು ನನ್ನ ಅಂಗಡಿಗೆ ಬಂದ. ಬೋರ್ಡಿನಲ್ಲಿದ್ದವು ಐದು, ಕಾಕಾ ತಂದದ್ದು ಒಂಬತ್ತು. ಒಂಬತ್ತನೆಯದನ್ನು ಟೈಪು ಮಾಡುವಾಗ ನನ್ನ ಬೆರಳು ನಿಂತಿತು: "ಅಳೆಯುವಾಗ ಮೀನಿನ ಬಾಲವನ್ನು ಎಳೆಯಬಾರದು, ಮಡಚಬಾರದು."

"ಕಾಕಾ, ಎಳಿಯೂದು ತಿಳೀತು. ಉದ್ದ ಆಗಲಿ ಅಂತ ಎಳೀತಾರ. ಮಡಚಿದ್ರ ಮೀನ ಗಿಡ್ಡ ಆಗತೈತಿ, ನೀರಿಗಿ ಬಿಡಬೇಕಾಗತೈತಿ. ಯಾಂವ ಮಡಚ್ತಾನ?"

"ಬಸ್ಸಿನ್ಯಾಗ ಮಂಡಿ ಮಡಚತಿದ್ರು. ಇಲ್ಲಿ ಬಾಲ ಮಡಚಾಕ ಎಷ್ಟೊತ್ತು? ಮಂದಿನ ನನಗಿಂತ ಚೊಲೋ ಬಲ್ಲಿಯೇನ? ಹೊಡಿ ಟೈಪ!"

ಹೊಡೆದೆ. ದಂಡೆಯಲ್ಲಿ ಎಲ್ಲರೂ ಒಂಬತ್ತನೇ ನಿಯಮ ಓದಿ ಓದಿ ನಕ್ಕರು. ತಾನಾಗಿ ತನ್ನ ಮೀನನ್ನು ಗಿಡ್ಡ ಮಾಡಿಕೊಳ್ಳುವ ಹುಚ್ಚ ಈ ಮೂರು ತಾಲೂಕಿನಲ್ಲಿ ಯಾರಿದ್ದಾನೆ?

ಎಳೆಯುವವರಿಗೆ ಮಾತ್ರ ಬರವಿರಲಿಲ್ಲ. ಒಂದು ಬೆಳಿಗ್ಗೆ ಬಾಳಪ್ಪ ಕಾಕಾನಿಗೆ ಬೆನ್ನು ಮಾಡಿ ಕುಳಿತು, ರೋಹು ಮೀನೊಂದರ ಮೂತಿ ಒಂದು ಕೈಯಲ್ಲಿ, ಬಾಲ ಇನ್ನೊಂದು ಕೈಯಲ್ಲಿ ಹಿಡಿದು ಜಗ್ಗುತ್ತಿದ್ದ.

"ಏನ್ ನಡೆಸೀಪಾ?"

ಬಾಳಪ್ಪ ಬೆಚ್ಚಿದ. "ಏನಿಲ್ರಿ ಕಾಕಾ. ಪಾಪ, ಅದಕ್ಕ ಜೋಮು ಹಿಡದಿತ್ತು. ಮೈ ಮುರಸಾಕತ್ತಿದ್ನಿ."

"ಹೌದ? ಹಂಗಾರ ಸ್ವಲ್ಪ ಈಸು ಬಿದ್ರ ಪೂರಾ ಆರಾಮ ಆಗತೈತಿ" ಎಂದು ಕಾಕಾ ಅದನ್ನು ಕಸಿದು ನೀರಿಗೆ ಬಿಟ್ಟ.

ಇನ್ನೊಂದು ಪ್ರಸಂಗದಲ್ಲಿ ನಾನೂ ಇದ್ದೆ. ಇದ್ದೆ ಎಂದರೆ ಪೊದೆಯ ಹಿಂದೆ. ಎಲ್ಲಿಯವರೋ ಇಬ್ಬರು ಗಟ್ಟಿಮುಟ್ಟಾದ ಆಸಾಮಿಗಳು ಬ್ಯಾಟರಿ, ವಯರು ಹೊತ್ತು ಬಂದರು. ನೀರಿಗೆ ಕರೆಂಟ್ ಬಿಟ್ಟು ಮರಿ-ತಾಯಿ ಎನ್ನದೆ ತೇಲಿಸುವ ಹುನ್ನಾರ. ಕಾಕಾನ ತೂಕ ಅವರ ಬ್ಯಾಟರಿಯಷ್ಟೂ ಇಲ್ಲ. ನಾನು ಆಂಬುಲೆನ್ಸಿನ ಸಂಖ್ಯೆ ಒತ್ತಿ ಹಸಿರು ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕುಳಿತೆ. ಯಾವ ಮೂಳೆ ಮುರಿದರೆ ಯಾವ ಆಸ್ಪತ್ರೆ ಎಂಬುದನ್ನೂ ಮನಸ್ಸಿನಲ್ಲೇ ನಿರ್ಧರಿಸಿಬಿಟ್ಟೆ. ಕಾಕಾ ಅಂಗಿಯ ಜೇಬಿನಿಂದ ಕಂಡಕ್ಟರ್ ಕಾಲದ ಹಳೆಯ ಸೀಟಿ ತೆಗೆದು ಊದಿದ ನೋಡಿ! "ಹೋಲ್ಡಾನ್!"

ಬದುಕಿನುದ್ದಕ್ಕೂ ಬಸ್ಸು ಹತ್ತಿ ಇಳಿದ ಜೀವಗಳು. ಇಬ್ಬರೂ ಗಕ್ಕನೆ ನಿಂತರು.

"ಎಲ್ಲಿಗಿ?"

"ಮೀನ ಹಿಡ್ಯಾಕ್ರಿ."

"ಲಗೇಜ್ ಏನೈತಿ?"

"ಬ್ಯಾಟರಿ ಐತ್ರಿ."

"ಬ್ಯಾಟರಿ ಒಯ್ಯೂ ಹಂಗಿಲ್ಲ. ಇಳೀರಿ ಕೆಳಗ!"

ಅವರು ನಿಂತದ್ದೇ ನೆಲದ ಮೇಲೆ. ಇಳಿಯುವುದಾದರೂ ಎಲ್ಲಿಗೆ? ಆದರೂ ಒಬ್ಬ ಮೆಟ್ಟಿಲು ಹುಡುಕುವವನಂತೆ ಕಾಲು ಮುಂದೆ ಚಾಚಿದ! ಕಾಕಾ ಲ್ಯಾಮಿನೇಶನ್ ಹಾಳೆ ಕೊಟ್ಟು ಒಂಬತ್ತೂ ನಿಯಮಗಳನ್ನು ಗಟ್ಟಿಯಾಗಿ ಓದಿಸಿದ. ಹೋಗುವಾಗ ಅವರು "ಬರ್ತೇವ್ರಿ" ಎಂದು ಕೈಮುಗಿದೇ ಹೋದರು. ಪೊದೆಯಿಂದ ನಾನು ಹೊರಬಂದಾಗ ಕಾಕಾ ನನ್ನ ಮೈಗೆ ಹತ್ತಿದ ಮುಳ್ಳು ಕೀಳುತ್ತ, "ಗಾಯ ಆಗಿದ್ದು ನಿನಗೊಬ್ಬಗ ನೋಡ" ಎಂದ.

ಇಷ್ಟೆಲ್ಲ ನ್ಯಾಯನಿಷ್ಠೆಯ ಫಲ ಉಣ್ಣುತ್ತಿದ್ದವರು ಮನೆಯವರು. ರವಿವಾರ ಬೆಳಿಗ್ಗೆ ಕಾಕು ಮೀನಿನ ಸಾರಿಗೆಂದು ಒಣಕೊಬ್ಬರಿ ಸುಟ್ಟು ಮಸಾಲೆ ಅರೆದಿಡುತ್ತಿದ್ದಳು. ಮಧ್ಯಾಹ್ನ ಕಾಕಾ ಖಾಲಿ ಚೀಲ ಜಾಡಿಸುತ್ತ ಬರುತ್ತಿದ್ದ. "ಗೇಣಿಗಿ ಕೂದಲೆಳಿಯಷ್ಟು ಕಮ್ಮಿ ಬಿತ್ತು." ಕಾಕು ಅದೇ ಮಸಾಲೆಗೆ ಬದನೆಕಾಯಿ ಹಾಕುತ್ತಿದ್ದಳು. "ನನ್ನ ಕೈಯಾಗ ನಾನ ನನ್ನ ಸಾರ ಕೆಡಿಸ್ಕೊಂಡ್ನಿ" ಎಂದು ಅಗಲ ಅಂಗೈ ತೋರಿಸಿ ನಗುತ್ತಿದ್ದಳು. ನಾವು ಆ ಬದನೆಕಾಯಿಗೆ ಗೌರವದಿಂದ 'ಬಾಲ ಇಲ್ಲದ ಮೀನು' ಎಂದು ಹೆಸರಿಟ್ಟಿದ್ದೆವು.

ಕಳೆದ ಮಳೆಗಾಲ ಕಾಕುವಿಗೆ ಲಕ್ವಾ ಹೊಡೆಯಿತು.

ರೊಟ್ಟಿ ಬಡಿಯುತ್ತಿದ್ದವಳ ಕೈಯಿಂದ ಹಿಟ್ಟು ಜಾರಿತಂತೆ. ಎಲ್ಲದಕ್ಕೂ ಮೊದಲೇ ಹೆದರಿಟ್ಟುಕೊಳ್ಳುವ ನಾನು ಇದೊಂದಕ್ಕೆ ಹೆದರಿರಲಿಲ್ಲ. ವೇಳೆಗೆ ಸರಿಯಾಗಿ ಆಸ್ಪತ್ರೆ ಮುಟ್ಟಿಸಿದ್ದರಿಂದ ಮಾತು ಉಳಿಯಿತು, ಮೆಲ್ಲಗೆ ನಡಿಗೆಯೂ ಬಂತು. ಬಲಗೈ ಮಾತ್ರ ಮುಷ್ಟಿ ಕಟ್ಟಿಕೊಂಡು ಕುಳಿತುಬಿಟ್ಟಿತು. ದಿನಾ ಬೆರಳು ಬಿಡಿಸಬೇಕು, ಅಗಲಿಸಬೇಕು, ಬಿಟ್ಟರೆ ಹೀಗೇ ಬಿಗಿದು ನಿಂತೀತು ಎಂದು ವ್ಯಾಯಾಮ ಹೇಳಿಕೊಡುವ ಡಾಕ್ಟರ್‌ಬಾಯಿ ಎಚ್ಚರಿಸಿ ಒಂದು ರಬ್ಬರ್ ಚೆಂಡು ಕೊಟ್ಟಳು. ಕಾಕು ಅದನ್ನು ಎಡಗೈಯಿಂದ ಎತ್ತಿ ಅಂಗಳದ ಕೋಳಿಗೆ ಎಸೆದಳು. "ಮೊಮ್ಮಕ್ಕಳ ಗತೆ ಚೆಂಡ ಆಡ್ಲೇನ? ಹೋದ ಕೈ ಹೋತು, ಬಿಡ್ರಿ." ಗೋಡೆಗೆ ಮುಖ ಮಾಡಿ ಮಲಗಿದಳು.

ಮಳೆಗಾಲದ ನಿಷೇಧ ಮುಗಿಯಿತು, ಶ್ರಾವಣ ಮುಗಿಯಿತು, ಎಲ್ಲರ ಗಾಳವೂ ನೀರಿಗಿಳಿಯಿತು. ಕಾಕಾನ ಕೋಲು ಅಟ್ಟದಿಂದ ಇಳಿಯಲಿಲ್ಲ. ಬಾಳಪ್ಪ ಮನೆಯವರೆಗೆ ಬಂದ. ಅವನಿಗೆ ತೋಚಿದ ಸಾಂತ್ವನ ಇಷ್ಟು: "ಬರ್ರಿ ಕಾಕಾ, ಈಗ ಕಾನೂನು ನಮ್ಮ ಕಡಿ ಐತಿ. ಕಾಕುನ ಮುಷ್ಟಿ ಅಂದ್ರ ಎಲ್ಲಾ ಮೀನೂ ಗೇಣ ಮೀರತಾವು."

ಕಾಕಾ ಸಿಟ್ಟಾಗಲಿಲ್ಲ. "ಅಳತಿ ರಿಪೇರಿಗಿ ಐತಿ ತಮ್ಮಾ. ಅಳತಿ ಇಲ್ಲದ ಮೀನ ಹಿಡಿಯೂ ಹಂಗಿಲ್ಲ" ಎಂದ. ಒಳಗಿನ ಕೋಣೆಯಿಂದ ಕಾಕುವಿನ ದನಿ ಬಂತು: "ಮೊಬೈಲ್ ರಿಪೇರಿ ಮಾಡಾಂವ ಬಂದಾನಲ್ಲ, ಅವನ ಕೈಯಾಗ ಕೊಡ್ರಿ ಅಳತಿ!" ತಿಂಗಳುಗಳ ನಂತರ ಅವಳಾಡಿದ ಮೊದಲ ಚೇಷ್ಟೆ. ಕಾಕಾ ತಟ್ಟನೆ ಎದ್ದು ಅಟ್ಟಕ್ಕೆ ಏಣಿ ಹಚ್ಚಿದ.

ಮರುದಿನ ಬೆಳಿಗ್ಗೆ ನನ್ನ ಹಳೆಯ ವ್ಯಾನಿನಲ್ಲಿ ಕಾಕು, ಕಾಕಾ, ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಗೋಣಿಚೀಲ ಬಾಂದಾರಕ್ಕೆ ಹೊರಟವು. ಕುರ್ಚಿ ಜಾರಿದರೆ? ಗಾಳಿ ಹತ್ತಿದರೆ? ಮೀನು ಕಚ್ಚಿದರೆ? ನಾನು ದಾರಿಯುದ್ದಕ್ಕೂ ಕೇಳಿದೆ. ಕಾಕಾ ಸೀದಾ ದಂಡೆಗಿಳಿದ. ಹಿಟ್ಟಿನುಂಡೆ ಸಿಕ್ಕಿಸಿ ಗಾಳ ಎಸೆದ. ಜಿಲೇಬಿ ಮೀನೊಂದು ಸಿಕ್ಕಿತು. ಅದನ್ನು ನೆನೆದ ಗೋಣಿಯ ಮೇಲಿಟ್ಟು, ಕಾಕುವಿನ ಕಾಲ ಬಳಿ ಒಯ್ದ.

"ಸಂಶಯ ಐತಿ. ಅಳಿ."

"ಕೈ ಇಲ್ಲದಾಕಿ ಮುಂದ ಮೀನ ತಂದ ಇಡ್ತೀರಲ್ಲ, ನಾಚಿಕಿ ಬರೂದಿಲ್ಲೇನ್ರಿ?"

"ಲಗೂ ಅಳಿ. ನೀರಿಲ್ದ ಒದ್ದಾಡಾಕತ್ತೈತಿ."

ಮೀನು ಬಾಯಿ ತೆರೆದು ಮುಚ್ಚುತ್ತಿತ್ತು. ಕುರಿಮರಿಗಳನ್ನು ಮಡಿಲಲ್ಲಿಟ್ಟು ಬೆಳೆಸಿದ ಹೆಂಗಸು, ಅದನ್ನು ನೋಡುತ್ತ ಕೂರುವುದು ಹೇಗೆ? ಬೈಯುತ್ತಲೇ ಬಲಗೈ ಮುಂದೆ ತಂದಳು. ಹೆಬ್ಬೆರಳು ಕಾಳಿನಷ್ಟು ಅಲುಗಿತು. "ಅಳತಿ ಆಗಲಿಲ್ಲ. ಅಳತಿ ಆಗದ್ದು ನೀರಿಗಿ!" ಎಂದು ಕಾಕಾ ಅದನ್ನು ಬಿಟ್ಟುಬಿಟ್ಟ.

ಹೀಗೆ ದಿನವೂ. ಚೆಂಡಿಗೆ ಬಗ್ಗದ ಕೈ ಮೀನಿಗೆ ಬಗ್ಗತೊಡಗಿತು. ಮೊದಲು ಹೆಬ್ಬೆರಳು, ಆಮೇಲೆ ತೋರುಬೆರಳು. ದಂಡೆಯ ಉಳಿದವರೂ ತಂತಮ್ಮ ಮೀನು ಹಿಡಿದು ಕುರ್ಚಿಯ ಮುಂದೆ ಸಾಲುಗಟ್ಟಿದರು. ಸಂಶಯವೇ ಇಲ್ಲದ ಮೊಳದುದ್ದದ ಕಾಟ್ಲಾ ಮೀನು ಹಿಡಿದು ಬಾಳಪ್ಪ, "ಭಾಳ ಸಂಶಯ ಬಂದೈತ್ರಿ ಕಾಕು" ಎಂದು ನಿಂತ. "ನಿನ್ನ ಕಣ್ಣ ರಿಪೇರಿ ಮಾಡಿಸ್ಕೋ" ಎನ್ನುತ್ತಲೇ ಕಾಕು ಅದರ ಬೆನ್ನಿನುದ್ದಕ್ಕೂ ಬೆರಳಾಡಿಸಿದಳು. ನಮ್ಮ ಮನೆಯಲ್ಲಿ ಮಾತ್ರ ಬದನೆಕಾಯಿ ತಪ್ಪಲಿಲ್ಲ.

ಸಂಕ್ರಾಂತಿಯ ಮರುದಿನ. ಬಿಸಿಲು ಹದವಾಗಿತ್ತು. ಕಾಕಾನ ಗಾಳಕ್ಕೆ ಮತ್ತೊಂದು ಜಿಲೇಬಿ ಮೀನು ಬಿತ್ತು. ಗೋಣಿಯ ಮೇಲಿಟ್ಟಾಗ ನೋಡಿದೆ, ಕೋಲಿನ ಗುರುತಿಗಿಂತ ತುಸು ಕಡಿಮೆ. ಕಾಕು ಹೆಬ್ಬೆರಳನ್ನು ಅದರ ಮೂತಿಗೆ ಹಚ್ಚಿದಳು. ಒಂದೊಂದಾಗಿ ಬೆರಳು ಬಿಡಿಸಿದಳು. ಎರಡು, ಮೂರು, ನಾಲ್ಕು. ಹಣೆಯಲ್ಲಿ ಬೆವರು. ಕಿರುಬೆರಳು ನಡುಗುತ್ತ ಮೀನಿನ ಮೈಗುಂಟ ಹೊರಟಿತು, ಹೊಟ್ಟೆ ದಾಟಿತು, ಬಾಲದ ಬುಡ ಮುಟ್ಟಿ ನಿಂತಿತು. ಬಾಲದ ರೆಕ್ಕೆಯಷ್ಟು ದೂರ ಉಳಿಯಿತು. ಮುಂದೆ ಹೋಗಲಿಲ್ಲ. ಅವಳ ಮುಖ ಗೋಡೆಯ ಕಡೆ ತಿರುಗುವಾಗಿನ ಮುಖವಾಗುತ್ತಿರುವುದು ನನಗೆ ಕಂಡಿತು.

ಕಾಕಾ ಕನ್ನಡಕ ಏರಿಸಿಕೊಂಡು ಬಗ್ಗಿದ. ಬಿಸಿಲಿಗೆ ಮರೆಯೆಂಬಂತೆ ಎಡಗೈ ಅಡ್ಡ ಹಿಡಿದ. ಬಲಗೈಯ ಮೋಟು ಹೆಬ್ಬೆರಳಿನಿಂದ ಮೀನಿನ ಬಾಲವನ್ನು ಮೆಲ್ಲಗೆ ಒಳಕ್ಕೆ ಮಡಚಿದ.

"ಪೂರಾ ಬಂತು! ಗೇಣಿನೊಳಗ ಐತಿ. ಬಿಡಬೇಕು!"

ಬಾಳಪ್ಪ ಚಪ್ಪಾಳೆ ತಟ್ಟಿದ. ಕಾಕು ಅದೇ ಕೈಯಿಂದ ಮೀನನ್ನು ನೀರಿನೊಳಕ್ಕೆ ನೂಕಿದಳು. ನಾನು ಮಾತ್ರ ಕಾಕಾನ ಪಕ್ಕದಲ್ಲಿದ್ದೆ. ಒಂಬತ್ತನೆಯ ನಿಯಮವನ್ನು ನನ್ನ ಬೆರಳಿನಿಂದಲೇ ಟೈಪು ಮಾಡಿದವನು ನಾನು. ಅಣ್ಣನ ಮಗನಿಗೆ ಒಂದು ಬೆರಳು ಬಿಟ್ಟುಕೊಡದವನು! ಕಾಕಾ ನನ್ನತ್ತ ನೋಡಲಿಲ್ಲ. ನಾನೂ ಹೊಳೆಯ ಆಚೆಯ ಕಬ್ಬನ್ನು ನೋಡುತ್ತ ನಿಂತೆ. ಆಗಾಗ ಕಣ್ಣೊರೆಸಿಕೊಂಡದ್ದು ಬಿಸಿಲಿಗೆ.

ಮರಳಿ ವ್ಯಾನು ಹತ್ತಿದೆವು. ಕಾಕು ಹಿಂದಿನ ಸೀಟಿನಲ್ಲಿ ಕುಳಿತು ತೊಡೆಯ ಮೇಲೆ ಅಂಗೈ ಅಗಲಿಸಿ ನೋಡುತ್ತಿದ್ದಳು. ನಾನು ಬಾಗಿಲು ಎಳೆದು, ಮತ್ತೊಮ್ಮೆ ಎಳೆದು, ಚಾವಿ ತಿರುಗಿಸಿದೆ.

"ಏನ್ರಿ" ಎಂದಳು ಕಾಕು, ಕೈಯಿಂದ ಕಣ್ಣು ತೆಗೆಯದೆ. "ನಾಳೆ ಬಾಲ ಮಡಚಬ್ಯಾಡ್ರಿ. ಹಂಗ ಬಿಡ್ರಿ. ನಾನ ಮುಟ್ಟತೇನಿ."

ಕಾಕಾ ಕಿವಿಯವರೆಗೆ ಕೆಂಪಾಗಿದ್ದ. ಕಿಟಕಿಯಿಂದ ಕೈ ಹೊರಗೆ ಹಾಕಿ ವ್ಯಾನಿನ ಮೈಯನ್ನು ಎರಡು ಸಲ ತಟ್ಟಿದ.

"ರೈಟ್!"